ರೊಟ್ಟಿ ಮನೆಯ ಬ್ಯಾಟರಿಗೆ ನಾನು ಕಾವಲು

ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ಮೂಲೆಯಿಂದ 'ಟಿಕ್' ಎಂಬ ಸಣ್ಣ ಸದ್ದು ಕೇಳುತ್ತಿತ್ತು. ಅದು ಇಲಿಯಲ್ಲ, ನಾನು. ನಾನು ಒಂದು ಬಿಎಂಎಸ್. ಕರೆಂಟಿನಿಂದ ಓಡುವ ಸ್ಕೂಟರಿನ ಬ್ಯಾಟರಿಯೊಳಗೆ ಕೂತು ಅದನ್ನು ಕಾಯುವ ಅಂಗೈಯಗಲದ ಹಸಿರು ಹಲಗೆ. ಬ್ಯಾಟರಿ ಮಿತಿಮೀರಿ ಬಿಸಿಯಾದರೆ, ಮಿತಿಮೀರಿ ತುಂಬಿದರೆ, ಕರೆಂಟು ಕಡಿಯುತ್ತೇನೆ. ಅದರದೇ ಆ ಸದ್ದು. ಈ ಕೆಲಸಕ್ಕೆ ನನಗೆ ಸಿಕ್ಕ ಕೂಲಿ ಬೈಗುಳ.

ಹುಟ್ಟಿದ್ದು ಕಾರ್ಖಾನೆಯೊಂದರ ಉದ್ದನೆಯ ಮೇಜಿನ ಮೇಲೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಹೆಣ್ಣುಮಕ್ಕಳು ನನ್ನಿಂದ ಬ್ಯಾಟರಿಯ ಪ್ರತಿ ಸೆಲ್ಲಿಗೂ ಒಂದೊಂದು ತೆಳು ತಂತಿ ಎಳೆದರು. ಯಾವ ಸೆಲ್ಲು ಬೇಗ ತುಂಬಿತು, ಯಾವುದು ಸೊರಗಿತು ಎಂದು ಆ ತಂತಿಗಳಿಂದಲೇ ನನಗೆ ತಿಳಿಯುತ್ತದೆ. ನಿದ್ದೆ ಮಾಡುವುದನ್ನು ಮಾತ್ರ ಯಾರೂ ಕಲಿಸಲಿಲ್ಲ.

ನಾವು ಬಂದು ಸೇರಿದ್ದು ಬೆಟಗೇರಿಯ ನೀಲವ್ವನ ಮನೆಗೆ. ಅವಳು ಜೋಳದ ರೊಟ್ಟಿ ಬಡಿಯುತ್ತಾಳೆ, ಗಂಡ ಈರಣ್ಣ ಅವನ್ನು ಸ್ಕೂಟರಿನಲ್ಲಿ ಖಾನಾವಳಿಗಳಿಗೆ ಮುಟ್ಟಿಸುತ್ತಾನೆ. ಸಂಜೆ ಬ್ಯಾಟರಿಯನ್ನು ಕಳಚಿ ತಂದು ಒಲೆಯ ಪಕ್ಕದಲ್ಲೇ ಚಾರ್ಜಿಗೆ ಹಾಕುತ್ತಿದ್ದರು. ಹಿಟ್ಟಿನ ಧೂಳು ಕೂರಬಾರದೆಂದು ನೀಲವ್ವ ಅದಕ್ಕೆ ರೊಟ್ಟಿ ಸುತ್ತುವ ದಪ್ಪ ಬಟ್ಟೆಯನ್ನು ಹೊದಿಸುತ್ತಿದ್ದಳು. ಅಕ್ಕರೆಯೇ, ಒಪ್ಪುತ್ತೇನೆ. ಆದರೆ ರೊಟ್ಟಿಯ ಬಿಸಿ ಆರಗೊಡದ ಬಟ್ಟೆ ಬ್ಯಾಟರಿಯ ಬಿಸಿಯನ್ನು ಆರಗೊಡುತ್ತದೆಯೇ? ಮಾರು ದೂರದಲ್ಲಿ, ಮಂಡಿನೋವಿಗೆ ಬೆಚ್ಚಗಿರಲೆಂದು, ಅತ್ತೆ ಗುರವ್ವ ಮಲಗುತ್ತಿದ್ದಳು. ಅವಳ ಉಸಿರು ಕೇಳುತ್ತಲೇ ನಾನು ಕಾಯುತ್ತಿದ್ದೆ. ಕಾವು ಏರಿದೊಡನೆ ಕರೆಂಟು ಕಡಿಯುತ್ತಿದ್ದೆ.

ಹಾಗಾಗಿ ಬೆಳಿಗ್ಗೆ ಬ್ಯಾಟರಿ ಅರ್ಧವೇ ತುಂಬಿರುತ್ತಿತ್ತು. ಸ್ಕೂಟರು ನಡುದಾರಿಯಲ್ಲಿ ನಿಲ್ಲುತ್ತಿತ್ತು. ಖಾನಾವಳಿಯ ಮಾಲೀಕ ಎಲ್ಲರೆದುರು ನಕ್ಕ: "ಏನೋ ಈರಣ್ಣ, ರೊಟ್ಟಿ ತಾವ ನಡಕೊಂತ ಬಂದ್ವೇನು?"

ಆ ಮಾತು ಈರಣ್ಣನಿಗೆ ನಾಟಿತು. ನೇರ ಮೆಕ್ಯಾನಿಕ್ ಮಲ್ಲೇಶಿಯ ಬಳಿ ಹೋದ. ಮಲ್ಲೇಶಿ ಬ್ಯಾಟರಿ ಬಿಚ್ಚಿ ನನ್ನತ್ತ ಬೆರಳು ತೋರಿಸಿದ.

"ಈ ಹಲಗೀನ ಅಡ್ಡಗಾಲು ಹಾಕೂದು. ಡೈರೆಕ್ಟ್ ಮಾಡಿಬಿಡ್ತೀನಿ, ಮತ್ತ ಕರೆಂಟ ಕಟ್ ಆಗೂದಿಲ್ಲ."

"ತೊಂದ್ರಿ ಏನಿಲ್ಲಲಾ?"

"ತೊಂದ್ರಿ ಎಲ್ಲೀದಣ್ಣಾ? ಊರ ತುಂಬ ಮಾಡಿ ಕೊಟ್ಟೀನಿ."

ನನ್ನನ್ನು ದಾಟಿಸಿ ಒಂದು ದಪ್ಪ ತಂತಿ ಬೆಸೆದ. ಇನ್ನು ನಾನು ಕಡಿದರೂ ಕರೆಂಟು ಆ ತಂತಿಯಲ್ಲಿ ಹರಿಯುತ್ತದೆ. ಕಿತ್ತೆಸೆದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಕಣ್ಣು ಬಿಟ್ಟು ಕೈ ಮಾತ್ರ ಕಟ್ಟಿಹಾಕಿದರಲ್ಲ, ಇದೆಂಥ ನ್ಯಾಯ? ಆಮೇಲೆ ಸ್ಕೂಟರು ಎಲ್ಲೂ ನಿಲ್ಲಲಿಲ್ಲ. ಈರಣ್ಣ ಮಲ್ಲೇಶಿಯನ್ನು ಬಾಯಿ ತುಂಬ ಹೊಗಳಿದ. ಇತ್ತ ಒಂದು ಸೆಲ್ಲು ಸೊರಗುತ್ತಾ ಬಂತು. ಸೊರಗಿದ್ದರಿಂದ ಉಳಿದವಕ್ಕಿಂತ ಮೊದಲೇ ತುಂಬುತ್ತಿತ್ತು, ತುಂಬಿದ ಮೇಲೂ ತುರುಕಿಸಿಕೊಳ್ಳುತ್ತಿತ್ತು, ಉಬ್ಬುತ್ತಿತ್ತು. ನಾನು ನೋಡುತ್ತಲೇ ಇದ್ದೆ.

ಒಂದು ಬೆಳಗಿನ ಜಾವ ಬಟ್ಟೆಯೊಳಗಿಂದ ಹೊಗೆ ಎದ್ದಿತು. ಗುರವ್ವನಿಗೆ ಅರೆನಿದ್ದೆ. "ಯವ್ವಾ, ರೊಟ್ಟಿ ಹೊತ್ತತಾವ!" ಎನ್ನುತ್ತಾ ಬಟ್ಟೆ ಹೊದ್ದ ಬ್ಯಾಟರಿಯನ್ನೇ ರೊಟ್ಟಿಯ ಗಂಟೆಂದು ಬರಿಗೈಯಲ್ಲಿ ಬಾಚಿ ಹಿಡಿದಳು. ನೀಲವ್ವ ಓಡಿ ಬಂದು ಪ್ಲಗ್ ಕಿತ್ತು, ಅತ್ತೆಯನ್ನು ಹಿಂದೆ ಎಳೆದು, ಬ್ಯಾಟರಿಯನ್ನು ಕೋಲಿನಿಂದ ಅಂಗಳಕ್ಕೆ ತಳ್ಳಿ ಮಣ್ಣು ಸುರಿದಳು. ಜೀವ ಉಳಿಯಿತು. ಆದರೆ ಗುರವ್ವನ ಎರಡೂ ಅಂಗೈ ಸುಟ್ಟಿದ್ದವು. ಹುಡುಗಿಯಾಗಿದ್ದಾಗಿನಿಂದ ರೊಟ್ಟಿ ಬಡಿದ ಕೈಗಳು.

ಈಗ ನಾನು ಅಂಗಳದ ಮೂಲೆಯಲ್ಲಿ, ಅರ್ಧ ಕಪ್ಪಾಗಿ, ಬಿರಿದ ಡಬ್ಬಿಯಲ್ಲಿ ಬಿದ್ದಿದ್ದೇನೆ. ಮನುಷ್ಯರಿಗೆ ತಡೆಯುವವರನ್ನು ಕಂಡರಾಗದು. ಏನೂ ಆಗದಂತೆ ಕಾಯ್ದ ರಾತ್ರಿಗಳಿಗೆ ಸಾಕ್ಷಿ ಎಲ್ಲಿಂದ ತರಲಿ?

"ಬ್ಯಾಟರಿ ಸುದ್ದಿ ಎತ್ತಬ್ಯಾಡ," ಎಂದ ಈರಣ್ಣ ಹೆಂಡತಿಗೆ. "ಹೊಗಿ ಕುಡದ ರೊಟ್ಟಿ ಅಂತ ಒಬ್ಬರೂ ತೊಗೊಳೂದಿಲ್ಲ."

ಮಧ್ಯಾಹ್ನ ಪಕ್ಕದ ಮನೆಯ ಗಿರಿಜವ್ವ ಮೊಮ್ಮಗುವನ್ನು ಎತ್ತಿಕೊಂಡು ಬಂದಳು. "ಅತ್ತಿ ಕೈಗೆ ಏನಾತ ನೀಲಾ?"

"ಕಾದ ಹಂಚ ಬಡೀತ್ರಿ."

"ಅಯ್ಯ, ಪಾಪ. ಅಂದಂಗ, ನಮ್ಮ ಗಾಡೀನೂ ನಡುನಡುವ ನಿಂದರತೈತಿ. ಮಲ್ಲೇಶಿ ಕಡೆ ಡೈರೆಕ್ಟ್ ಮಾಡಿಸೀರಂತಲ್ಲ, ಚಲೋ ಆಗೇತೇನು? ನಮ್ಮನ್ಯಾಗ ತೊಟ್ಟಿಲ ಬಾಜೂಕ ಪ್ಲಗ್ ಐತಿ. ರಾತ್ರಿ ಪೂರಾ ಅಲ್ಲೇ ಚಾರ್ಜಿಗೆ ಹಚ್ಚಿರತೀವಿ."

ನೀಲವ್ವ ಮಗುವನ್ನು ನೋಡಿದಳು. ಆಮೇಲೆ ನನ್ನತ್ತ ನೋಡಿದಳು. ಅವಳ ತುಟಿ ಅಲುಗಿತು. ಹೇಳು, ನೀನಾದರೂ ಹೇಳು!

"ಚಲೋ ಐತ್ರಿ," ಎಂದಳು. ಯಾರಿಗೂ ಹೇಳಬಾರದೆಂದು ಅವಳು ನಿಶ್ಚಯಿಸಿಯಾಗಿತ್ತು.