ದಾಟಿಹೋದ ತಟ್ಟೆ

ಕರ್ತನ ಭೋಜನದ ರೊಟ್ಟಿಯ ತಟ್ಟೆ ಸಂತೋಷನ ಕೈಗೆ ಬಂತು. ಅವನು ಅದನ್ನು ಒಂದು ಗಳಿಗೆ ನೋಡಿದ. ಆಮೇಲೆ ಒಂದು ಚೂರೂ ಮುರಿದುಕೊಳ್ಳದೆ ಪಕ್ಕದ ಬೋರಯ್ಯನ ಕಡೆಗೆ ದಾಟಿಸಿಬಿಟ್ಟ.

ಅದನ್ನು ಕಂಡವರು ಎಳೆದ ಉಸಿರಿಗೆ ಪ್ರಾರ್ಥನಾ ಮಂದಿರದ ತಗಡಿನ ಮಾಡು ಹಾರಿಹೋಗದೆ ಉಳಿದದ್ದೇ ಆ ಭಾನುವಾರದ ದೊಡ್ಡ ಪವಾಡ. ಕೂಸುಗಳು ಕೂಡ ಅಳು ನಿಲ್ಲಿಸಿ ತಿರುಗಿ ನೋಡಿದವು. ಹೆಂಗಸರ ಸಾಲಿನಲ್ಲಿದ್ದ ಪ್ರಮೀಳಾ ಸೆರಗನ್ನು ಹಣೆಯವರೆಗೂ ಎಳೆದುಕೊಂಡಳು. ಮೂರು ವರ್ಷದಿಂದ ಅವಳು ನಡೆಸಿಕೊಂಡು ಬಂದ ಶನಿವಾರದ ಯೌವನಸ್ಥರ ಕೂಟಕ್ಕೆ ಇನ್ನು ಮಣ್ಣು ಮುಚ್ಚುವುದೊಂದೇ ಬಾಕಿ.

ಗುಂಡಿ ತೋಡಿದ್ದು ಹಿಂದಿನ ಸಂಜೆ, ಅದೇ ಕೂಟದಲ್ಲಿ. ಸಂತೋಷ ಟ್ರಾಕ್ಟರು ರಿಪೇರಿ ಶೆಡ್ಡಿನವನು. ಹಾಡಿಗೆ ನುಡಿಸುವ ಕೀಬೋರ್ಡಿನ ಮುಂದೆ ಕೂರಲು ಹೋದವನನ್ನು ಸಭೆಯ ಹಿರಿಯ ಮರಿಯಯ್ಯನ ಮಗ ಕುಮಾರ ತಡೆದಿದ್ದ. "ಗ್ರೀಸ್ ಕೈಲಿ ಮುಟ್ಬ್ಯಾಡ ಕಣ್ಲಾ. ನಮ್ಮಪ್ಪ ಕೊಡ್ಸಿರೋದು ಅದು." ಆಮೇಲೆ ಬಿದ್ದ ಏಟಿನ ಸದ್ದಿಗೆ ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಮಲಗಿದ್ದ ನಾಯಿಗಳು ಎದ್ದು ಕೂತವಂತೆ. ಕುಮಾರನ ತುಟಿ ಹಲಸಿನ ತೊಳೆಯಷ್ಟು ಊದಿಕೊಂಡಿತು. ಬಿಡಿಸಲು ಹೋದ ಪ್ರಮೀಳಾಳ ಬಳೆ ಒಡೆದವು. ಮನೆಗೆ ಬಂದವಳು, "ಈ ಕಾಡುಹಂದಿಗಳ್ಗೆ ದೇವ್ರ ವಾಕ್ಯ ಯೋಳೋ ಬದ್ಲು ಎಮ್ಮೆ ಮೇಯಿಸ್ಬೋದಿತ್ತು," ಎಂದು ಗೋಡೆಗೆ ಹೇಳಿ ಮಲಗಿದ್ದಳು.

ಕರ್ತನ ಭೋಜನಕ್ಕೆ ಮುಂಚೆ ಪಾಸ್ಟರು ತಪ್ಪದೆ ಒಂದು ಮಾತು ಹೇಳುತ್ತಿದ್ದರು: ಸಹೋದರನ ಮೇಲೆ ದ್ವೇಷ ಇಟ್ಟುಕೊಂಡವರು ಮೊದಲು ಅವನೊಂದಿಗೆ ಸಮಾಧಾನವಾಗಿ ಬನ್ನಿ, ಆಮೇಲೆ ರೊಟ್ಟಿ ಮುಟ್ಟಿ. ಭೂಮಿ ಹುಟ್ಟಿದಾಗಿನಿಂದ ಆ ಮಾತಿಗೆ ಆ ಮಂದಿರದಲ್ಲಿ ಯಾರೂ ಕಿವಿಗೊಟ್ಟಿರಲಿಲ್ಲ. ಬದುವಿನ ಜಗಳಕ್ಕೆ ಕೋರ್ಟು ಹತ್ತಿದವರು, ಬರುವ ದಾರಿಯುದ್ದಕ್ಕೂ ಅತ್ತೆಗೆ ಶಾಪ ಹಾಕಿಕೊಂಡು ಬಂದ ಸೊಸೆಯರು, ಎಲ್ಲರೂ ಕೈ ಚಾಚುವವರೇ. ಮರಿಯಯ್ಯನೂ ಅವನ ಸ್ವಂತ ತಮ್ಮ ದೇವರಾಜುವೂ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಒಬ್ಬ ಈ ಗೋಡೆಗೆ, ಇನ್ನೊಬ್ಬ ಆ ಗೋಡೆಗೆ ಒರಗಿ ಕೂತು, ಒಂದೇ ತಟ್ಟೆಯಿಂದ ಮುರಿದುಕೊಂಡು, ಕಣ್ಣು ಮುಚ್ಚಿ ಅಗಿಯುತ್ತಿದ್ದರು.

ಆರಾಧನೆ ಮುಗಿದು ಜನ ಚಪ್ಪಲಿ ಹುಡುಕುತ್ತಿರುವಾಗಲೇ ಮರಿಯಯ್ಯ ಸಿಡಿದ. ಅವನ ಗಂಟಲಿನ ಮುಂದೆ ಚಿನಕುರಳಿಯ ಕ್ವಾರಿಯ ಸಿಡಿಮದ್ದು ಊದುಬತ್ತಿ.

"ನೋಡುದ್ರಾ ಪಾಸ್ಟ್ರೇ? ನನ್ ಮಗನ್ ಬಾಯ್ ಒಡ್ದಿದ್ದು ಸಾಲ್ದು ಅಂತ ಕರ್ತನ್ ರೊಟ್ಟೀನೂ ತಳ್ಬುಟ್ಟ! ಏನಮ್ಮ ಪ್ರಮೀಳಾ, ಮೂರ್ ವರ್ಸ ಅದೇನ್ ಕಡ್ದು ಕಟ್ಟೆ ಹಾಕ್ದೆ? ಆಗ್ಲೂ ಆರ್ ಜನ, ಈಗ್ಲೂ ಆರೇ ಜನ. ಅದ್ರಲ್ಲೊಬ್ಬ ರೌಡಿ. ಸಾಕ್ ಬುಡು, ಮುಚ್ಬುಡು."

ಪಾಸ್ಟರು ಎಂದಿನಂತೆ ಆಕಾಶ ನೋಡಿದರು.

ಪ್ರಮೀಳಾ ನೆಟ್ಟಗೆ ಹೋಗಿ ಬೈಕು ಹತ್ತುತ್ತಿದ್ದ ಸಂತೋಷನ ಕಾಲರು ಹಿಡಿದಳು. "ಯಾಕ್ಲಾ? ನನ್ ಮಾನ ಕಳೀಲೇಬೇಕು ಅಂತ ಅರಕೆ ಒತ್ಕಂಡಿದ್ಯಾ? ರೊಟ್ಟಿ ಯಾಕ್ಲಾ ತಗೊಳ್ಳಿಲ್ಲ?"

"ಬುಡಕ್ಕ."

"ಯೋಳು ಅಂದೆ!"

ಅವನು ಹ್ಯಾಂಡಲ್ಲಿನ ಮೇಲಿನ ದೂಳನ್ನು ಉಗುರಿನಿಂದ ಕೆರೆದ. "ಆ ನನ್ಮಗನ್ನ ಕಂಡ್ರೆ ಇನ್ನೂ ಮೈ ಉರೀತದೆ. ಇನ್ನೊಂದ್ ಏಟ್ ಬಿಡ್ಲಾ ಅನ್ಸ್ತದೆ. ಅಂಗ್ ಅನ್ಕಂಡು ಅದ್ನ ಬಾಯಿಗ್ ಎಂಗಾಕಳ್ಳಿ? ನುಂಗಕ್ಕಾಯ್ತದ?"

ಕಾಲರು ಹಿಡಿದಿದ್ದ ಕೈ ತಾನಾಗಿ ಸಡಿಲವಾಯಿತು. ಹೋದ ವರ್ಷ ಇದೇ ಪ್ರಾಣಿ, "ಚಟ್ನಿ ಇದ್ದಿದ್ರೆ ಚೆಂದಾಗಿರೋದು," ಎಂದು ಪಕ್ಕದವನಿಗೆ ಪಿಸುಗುಟ್ಟಿ ಎರಡು ತುಂಡು ಎತ್ತಿ ಬಾಯಿಗೆ ಎಸೆದುಕೊಂಡಿತ್ತು.

ಪ್ರಮೀಳಾ ತಿರುಗಿ ಬಂದಳು. ಅವಳ ನಡಿಗೆಗೆ ಅಂಗಳದ ಕೋಳಿಗಳು ದಾರಿ ಬಿಟ್ಟವು.

"ಮರಿಯಣ್ಣ, ಇವತ್ತು ಪಾಸ್ಟರ್ ಮಾತ್ನ ಕಿವಿಗಾಕಂಡವ್ನು ಇಡೀ ಸಭೇಲಿ ಅವ್ನೊಬ್ನೇ. ನೀವು ದೇವರಾಜಣ್ಣನ್ ಮಕ ನೋಡಿ ಎಷ್ಟ್ ಕಾಲ ಆಯ್ತು? ನಿಮ್ ಗಂಟ್ಲಲ್ಲಿ ರೊಟ್ಟಿ ಎಂಗ್ ಇಳೀತು?"

ಅಂಗಳದಲ್ಲಿ ಸೂಜಿ ಬಿದ್ದರೆ ನಾಗಮಂಗಲಕ್ಕೆ ಕೇಳಿಸುತ್ತಿತ್ತು. ಚಪ್ಪಲಿ ಹಾಕಿಕೊಳ್ಳುತ್ತಿದ್ದ ದೇವರಾಜು ಒಂದು ಕಾಲೆತ್ತಿಕೊಂಡು ಕೊಕ್ಕರೆಯಂತೆ ನಿಂತುಬಿಟ್ಟ. ಮರಿಯಯ್ಯನ ಮುಖ ಕೆಂಪಾಗಿ, ಕಪ್ಪಾಗಿ, ಆಮೇಲೆ ಹೆಸರಿಲ್ಲದ ಯಾವುದೋ ಬಣ್ಣಕ್ಕೆ ತಿರುಗಿತು. "ಶನ್ವಾರ ಈ ಬಾಗ್ಲು ತೆಗ್ಯಲ್ಲ. ಅದ್ಯಾರ್ ತೆಗ್ಸಾರು ನೋಡ್ತೀನಿ," ಎಂದಷ್ಟೇ ಹೇಳಿ ಹೊರಟ. ಮಾತು ಬಲು ಮೆತ್ತಗಿತ್ತು. ಅವನ ಹೆಂಡತಿ ಸೋಮಮ್ಮ ಪ್ರಮೀಳಾಳ ಕಾಲಿನ ಬಳಿ ಉಗಿದು ಹಿಂಬಾಲಿಸಿದಳು.

ಶನಿವಾರ ಬಾಗಿಲಿಗೆ ಬೀಗ ಬಿದ್ದಿತ್ತು. ಪ್ರಮೀಳಾ ಬೀಗವನ್ನು ನೋಡಿ, ನಾಲೆಯ ಸೇತುವೆಗೆ ಹೋಗಿ ಮೋಟುಗೋಡೆಯ ಮೇಲೆ ಕೂತಳು. ಬೀಗ ಕಂಡ ಕೂಟದವರು ಒಬ್ಬೊಬ್ಬರಾಗಿ ಅಲ್ಲಿಗೇ ಬಂದರು. ಸಂತೋಷ ಬಂದ. ಎಲ್ಲರಿಗಿಂತ ಕೊನೆಗೆ ಕುಮಾರ, ಅಪ್ಪನ ಕಣ್ಣು ತಪ್ಪಿಸಿ, ಬರಿಗೈಲಿ ಬಂದ. ಗೋಡೆಯ ಮೇಲೆ ಜಾಗ ಉಳಿದದ್ದು ಸಂತೋಷನ ಪಕ್ಕದಲ್ಲಿ ಮಾತ್ರ. ಕುಮಾರ ಹಾವಿನ ಹುತ್ತದ ಮೇಲೆ ಕೂತಂತೆ ತುದಿಯಲ್ಲಿ ಕೂತು ಮುಖ ತಿರುಗಿಸಿದ.

"ಅಲ್ಲಿ ಕುತ್ಕಬ್ಯಾಡ ಅನ್ನಕ್ಕ ಇವುನ್ಗೆ," ಎಂದ ಸಂತೋಷ.

"ಗೋಡೆ ನಿಮ್ಮಪ್ಪುಂದಾ?" ಎಂದ ಕುಮಾರ, ಊತ ಇನ್ನೂ ಪೂರ್ತಿ ಇಳಿಯದ ತುಟಿಯಲ್ಲೇ.

"ಇನ್ನೊಂದ್ ಮಾತಾಡುದ್ರೆ ಇಬ್ರುನ್ನೂ ನಾಲೆಗ್ ನೂಕ್ತೀನಿ. ಓದ್ರೋ," ಎಂದಳು ಪ್ರಮೀಳಾ.

ಒಬ್ಬೊಬ್ಬರು ಒಂದೊಂದು ವಚನ ಓದುತ್ತ ಬಂದರು. ಸಂತೋಷ ತನ್ನದನ್ನು ತಡವರಿಸಿ ಓದಿ ಮುಗಿಸಿದ. ಮುಂದಿನದು ಕುಮಾರನ ಸರದಿ. ಅವನ ಹತ್ತಿರ ಪುಸ್ತಕವಿರಲಿಲ್ಲ. ಕಬ್ಬಿನ ಟ್ರಾಕ್ಟರೊಂದು ದೂಳೆಬ್ಬಿಸಿಕೊಂಡು ಹಾದುಹೋಯಿತು.

ಸಂತೋಷ ಅತ್ತ ನೋಡಲಿಲ್ಲ. ನಾಲೆಯ ನೀರನ್ನೇ ದುರುಗುಟ್ಟಿಕೊಂಡು, ತನ್ನ ಪುಸ್ತಕವನ್ನು ಇಬ್ಬರ ನಡುವಿನ ಕಲ್ಲಿನ ಮೇಲಿಟ್ಟು, ಅಕ್ಷರಗಳು ಆ ಕಡೆಗೆ ಕಾಣುವಂತೆ ತಿರುಗಿಸಿದ.

"ಬಿರ್ನೆ ಓದ್ಲಾ ಮೂದೇವಿ," ಎಂದ.

ಗಾಳಿಗೆ ಹಾಳೆ ಎದ್ದೇಳುತ್ತಿತ್ತು. ಸಂತೋಷನ ಹೆಬ್ಬೆರಳು ಅದನ್ನು ಒತ್ತಿ ಹಿಡಿದೇ ಇತ್ತು.