ಟೆಂಟಿಗೆ ಪ್ಲಾಸ್ಟರ್ ಹಾಕಿದ ಭಾವ

ಸಾವನದುರ್ಗಕ್ಕೆಂದು ಚೈತ್ರಳ ಟೆಂಟು ಇಸ್ಕೊಂಡು ಹೋಗಿದ್ದ ಭಾವ ಲೋಕೇಶ, ಅದರ ಹೊರಬಟ್ಟೆಯನ್ನು ಸಿಗರೇಟಿನಿಂದ ಸುಟ್ಟು ತಂದಿದ್ದ. ತೂತುಗಳ ಮೇಲೆ ಗಾಯಕ್ಕೆ ಹಾಕುವ ಪ್ಲಾಸ್ಟರ್ ಬೇರೆ ಅಂಟಿಸಿದ್ದ.

"ಒಂದು ಹನಿ ನೀರೂ ಇಳಿಯಲ್ಲ," ಎಂದ.

ಇಂಥವನಿಗೆ ಅಕ್ಕನನ್ನು ಕೊಟ್ಟರಲ್ಲ ಎಂದು ಚೈತ್ರಳಿಗೆ ಮೈಯುರಿಯಿತು. ಜಯನಗರದ ಮನೆಯ ತಾರಸಿಯಲ್ಲಿ ಟೆಂಟು ಹಾಕಿ, "ಒಳಗೆ ಕೂತ್ಕೊಳ್ಳಿ ಭಾವ," ಎಂದು ಪೈಪಿನಿಂದ ನೀರು ಬಿಟ್ಟಳು. ಪ್ಲಾಸ್ಟರುಗಳು ಕಿತ್ತು ಬಂದವು.

"ನಿನ್ ಟೆಂಟೇ ಸರಿಯಿಲ್ಲ," ಎನ್ನುತ್ತ ಲೋಕೇಶ ತೊಯ್ದು ಹೊರಬಂದ.

ಬಟ್ಟೆ ಒಣಗಿದ ಮೇಲೆ ಚೈತ್ರ ತೂತುಗಳ ಸುತ್ತ ಸ್ಪಿರಿಟ್ಟಿನಿಂದ ಒರೆಸಿ, ಹಳೇ ಕೊಡೆಯ ಬಟ್ಟೆಯನ್ನು ದುಂಡಗೆ ಕತ್ತರಿಸಿ ಗಮ್ಮಿನಿಂದ ಅಂಟಿಸಿದಳು. ಮುಂದಿನ ಭಾನುವಾರ ನೀರು ಬಿಟ್ಟು ನೋಡಿದರೆ ಒಳಗೆಲ್ಲ ಒಣಗಿಯೇ ಇತ್ತು.

"ನಾವಿಬ್ರೂ ಸೇರಿ ರಿಪೇರಿ ಮಾಡಿದ್ವಿ ಕಣೇ," ಎಂದು ಲೋಕೇಶ ಪಕ್ಕದಲ್ಲಿ ನಿಂತಿದ್ದ ಅಕ್ಕನಿಗೆ ಹೇಳಿದ.

ಜಗಳವಾಡುವುದಕ್ಕೂ ಇವನು ಲಾಯಕ್ಕಲ್ಲ ಎಂದುಕೊಂಡು ಚೈತ್ರ ನಲ್ಲಿ ನಿಲ್ಲಿಸಿದಳು.