ಮರ ಅಪ್ಪನದು, ಕಬ್ಬಿಣ ಮಗಳದು

ಆ ಅಂಗಡಿಯಲ್ಲಿ ಮೊದಲಿನಿಂದಲೂ ಒಂದು ಕರಾರಿತ್ತು: ಮರ ಅಪ್ಪನದು, ಕಬ್ಬಿಣ ಮಗಳದು. ತೆಳ್ಳನೆಯ ಮರದ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ದುಂಡಗೆ ಬಗ್ಗಿಸಿ, ಡ್ರಮ್ಮಿನ ಒಡಲು ಮಾಡಿ, ಅದರ ಅಂಚು ಕಡೆದು ಮುಗಿಸುವ ತನಕ ಮಗಳು ಹತ್ತಿರ ಸುಳಿಯುವಂತಿರಲಿಲ್ಲ. ಆಮೇಲೆ ಅವಳು ಆ ಒಡಲಿಗೆ ತೂತು ಕೊರೆದು, ತಿರುಪು ಹಿಡಿಯುವ ಲಗ್ಗು, ತಿರುಪು, ಚರ್ಮ ಬಿಗಿಯುವ ಬಳೆ, ಕಾಲು ಎಲ್ಲ ಕೂರಿಸುವಾಗ ಅಪ್ಪ ಬಾಯಿ ಹಾಕುವಂತಿರಲಿಲ್ಲ. ಹಾಕುತ್ತಿದ್ದ, ಆ ಮಾತು ಬೇರೆ. ಡ್ರಮ್ ಚೆನ್ನಾಗಿ ನುಡಿದರೆ ಅದು ಮರದ ಗುಣ, ಕೆಟ್ಟದಾಗಿ ನುಡಿದರೆ ಕಬ್ಬಿಣದ ದೋಷ. ಇಪ್ಪತ್ತು ವರ್ಷ ಈ ನ್ಯಾಯ ಕೇಳಿ ಕೇಳಿ ಮಗಳಿಗೆ ಅದು ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತಿತ್ತು.

ಅವಳಿಗೆ ನಟ್ಟಕ್ಕ ಎಂದು ಹೆಸರಿಟ್ಟವನು ತಮ್ಮ. ನಟ್ಟು ಬೋಲ್ಟು ಬಿಟ್ಟರೆ ಲೋಕದಲ್ಲಿ ಇನ್ನೇನೂ ಗೊತ್ತಿಲ್ಲದ ಅಕ್ಕ ಎಂದು ಅದರ ಅರ್ಥ. ಗಿರಾಕಿಗಳು ಹಾಗೇ ಕರೆದರು, ಕೊನೆಗೆ ಅಮ್ಮನೂ ಹಾಗೇ ಕರೆದಳು. ಡ್ರಮ್ ಬಾರಿಸಲು ಹೋಗಿದ್ದ ಕಾರ್ಯಕ್ರಮ ಮುಗಿಸಿ ಬರುವಾಗ ವ್ಯಾನು ಉರುಳಿ ತಮ್ಮ ಸತ್ತು ಮೂರು ವರ್ಷವಾಯಿತು. ಹೆಸರು ಮಾತ್ರ ಇವಳಿಗೆ ಅಂಟಿಕೊಂಡೇ ಇತ್ತು.

ಅಪ್ಪನ ಕಿವಿ ಕೈಕೊಟ್ಟದ್ದು ನಟ್ಟಕ್ಕನಿಗೆ ಗೊತ್ತಾದದ್ದು ಒಂದು ಸ್ನೇರ್ ಡ್ರಮ್ಮಿನಿಂದ. ಸ್ನೇರ್ ಎಂದರೆ ಸೆಟ್ಟಿನಲ್ಲಿ ನಡುವೆ ಕೂರುವ ಚಿಕ್ಕ ಡ್ರಮ್. ಅದರ ಅಡಿಯಲ್ಲಿ ಸುರುಳಿ ತಂತಿಗಳ ಒಂದು ಪಟ್ಟಿ ಇರುತ್ತದೆ. ಪಕ್ಕದ ಲಿವರ್ ಮೇಲೆತ್ತಿದರೆ ತಂತಿಗಳು ಚರ್ಮಕ್ಕೆ ತಾಗಿ ಪ್ರತಿ ಏಟಿಗೂ ಚರ್ ಎನ್ನುತ್ತವೆ, ಕೆಳಗಿಳಿಸಿದರೆ ಬರೀ ಧಬ್. ಒಂದೂವರೆ ವರ್ಷದ ಹಿಂದೆ ಒಂದು ದಿನ ಅಪ್ಪ ಹೊಸ ಸ್ನೇರ್ ಬಾರಿಸಿ ನೋಡಿ, ನಿನ್ನ ಲಿವರ್ ದಂಡ, ತಂತಿ ತಾಗುತ್ತಲೇ ಇಲ್ಲ ಎಂದು ರೇಗಿದ. ನಟ್ಟಕ್ಕನ ಕಿವಿತುಂಬ ತಂತಿಯ ಚರಚರ. ಅವಳು ಅಪ್ಪನ ಮುಖ ನೋಡಿದಳು. ತಮಾಷೆ ಮಾಡುತ್ತಿರಲಿಲ್ಲ.

ಆಮೇಲೆ ಒಂದೊಂದೇ ಕಣ್ಣಿಗೆ ಬಿತ್ತು. ಬಾಗಿಲ ಮೇಲಿನ ಪುಟ್ಟ ಗಂಟೆ ಆಡಿದರೆ ತಲೆ ಎತ್ತುತ್ತಿರಲಿಲ್ಲ. ಅಮ್ಮ ಬೆನ್ನ ಹಿಂದೆ ನಿಂತು ಕರೆದರೆ ಸುಮ್ಮನಿರುತ್ತಿದ್ದ, ಅವಳು ಅದನ್ನು ಕೊಬ್ಬು ಎಂದುಕೊಂಡಿದ್ದಳು. ದಪ್ಪ ದನಿಗಳೆಲ್ಲ ಅವನಿಗೆ ನೆಟ್ಟಗೆ ಕೇಳುತ್ತಿದ್ದವು. ಸಣ್ಣ ದನಿ, ಚೂಪು ದನಿಗಳು ಮಾತ್ರ, ನಲವತ್ತು ವರ್ಷ ಮರ ಕಡೆಯುವ ಯಂತ್ರದ ಕಿರುಚಾಟಕ್ಕೆ ಬೇಸತ್ತು, ಹೇಳದೆ ಕೇಳದೆ ಹೊರಟುಹೋಗಿದ್ದವು.

ಹೀಗಾದ ಮನುಷ್ಯ ಡ್ರಮ್ ಮಾಡಿದರೆ ಏನಾಗುತ್ತದೆ? ಡ್ರಮ್ಮಿನ ಚರ್ಮ ಕೂರುವುದು ಮರದ ಅಂಚಿನ ಮೇಲೆ. ಅಂಚು ದುಂಡಗಿದ್ದರೆ ನಾದ ಮೆತ್ತಗೆ, ತುಂಬಿಕೊಂಡು ಬರುತ್ತದೆ. ಚೂಪಾದಷ್ಟೂ ಸದ್ದು ಮೊನಚು. ಮೇಪಲ್ ಮರ ತಾನಾಗಿ ಬೆಚ್ಚಗೆ ನುಡಿಯುವಂಥದು, ಬರ್ಚ್ ಕಡಕ್ಕಾಗಿ ನುಡಿಯುವಂಥದು. ಅಪ್ಪನಿಗೆ ಈಗ ಯಾವ ಮರವೂ ಮಂಕಾಗಿಯೇ ಕೇಳುತ್ತಿತ್ತು. ಹಾಗಾಗಿ ಅಂಚನ್ನು ಚೂಪು ಮಾಡಿದ, ಇನ್ನೂ ಚೂಪು ಮಾಡಿದ. ಮೊದಲ ಎರಡು ಸೆಟ್ ವಾಪಸ್ ಬಂದವು. ತಂದವನು ಅಪ್ಪ ಇಲ್ಲದ ಹೊತ್ತಿನಲ್ಲಿ ಬಂದಿದ್ದ, ಪುಣ್ಯ. ತಗಡಿನ ಡಬ್ಬ ಬಡಿದ ಹಾಗಿದೆ, ತಲೆನೋವು ಬರುತ್ತದೆ ಎಂದ.

ಆಗ ನಟ್ಟಕ್ಕ ಒಂದು ಕೆಲಸ ಶುರುಮಾಡಿದಳು. ಅಪ್ಪ ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಿ ಒಂದು ಗಂಟೆ ಮಲಗಿ ಬರುತ್ತಿದ್ದ. ಆ ಒಂದು ಗಂಟೆಯಲ್ಲಿ ಅವಳು ಅವನ ಡ್ರಮ್ಮಿನ ಬಳೆ ಬಿಚ್ಚಿ, ಚರ್ಮ ತೆಗೆದು, ಮರಳು ಕಾಗದದಿಂದ ಅಂಚನ್ನು ಉಜ್ಜಿ ಉಜ್ಜಿ ದುಂಡಗೆ ಮಾಡುತ್ತಿದ್ದಳು. ಲಗ್ಗುಗಳೊಳಗಿನ ಸ್ಪ್ರಿಂಗು ಗಿಣಿಗಿಣಿ ಅನ್ನದ ಹಾಗೆ ಹತ್ತಿ ತುರುಕುತ್ತಿದ್ದಳು. ಮರದ ಪುಡಿ ಗುಡಿಸಿ, ಎಲ್ಲ ಮೊದಲಿನಂತೆ ಬಿಗಿದು, ಏನೂ ಅರಿಯದವಳ ಹಾಗೆ ಕೂರುತ್ತಿದ್ದಳು. ಹೀಗೆ ಹನ್ನೊಂದು ಸೆಟ್ ಹೊರಗೆ ಹೋದವು. ಗಿರಾಕಿಗಳು ಹೊಗಳಿದರು. ಅಪ್ಪ ಎದೆಯುಬ್ಬಿಸಿ, ಕಣ್ಣು ಮಂಜಾದರೂ ಕಿವಿ ಮಂಜಾಗಿಲ್ಲ ನೋಡು ಎಂದ. ನಟ್ಟಕ್ಕ ಹ್ಞೂಂ ಎಂದಳು.

ಹೇಳಬಹುದಿತ್ತು, ಯಾಕೆ ಹೇಳಲಿಲ್ಲ? ಮಗ ಸತ್ತ ಮೇಲೆ ಅಪ್ಪ ಊಟ ಬಿಟ್ಟ, ಸ್ನಾನ ಬಿಟ್ಟ, ಮಾತು ಬಿಟ್ಟ. ತಿಂಗಳ ಮೇಲೆ ಒಂದು ಬೆಳಿಗ್ಗೆ ಎದ್ದು ಅಂಗಡಿಗೆ ಬಂದವನೇ ಒಂದು ಮರದ ಒಡಲಿಗೆ ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟು ನಿಂತ. ಅಂದಿನಿಂದ ಅವನು ಬದುಕಿದ್ದದ್ದು ಆ ಕುಟ್ಟುವುದರಲ್ಲಿ. ಅದನ್ನೂ ಕಿತ್ತುಕೊಳ್ಳಲು ಅವಳಿಗೆ ಮನಸ್ಸು ಬರಲಿಲ್ಲ. ಹೆದರಿಕೆಯೂ ಇತ್ತು, ಸುಳ್ಳು ಯಾಕೆ.

ಹೀಗಿರುವಾಗ ತಮ್ಮನ ಜೊತೆ ಗಿಟಾರ್ ಬಾರಿಸುತ್ತಿದ್ದ ಗೆಳೆಯ ಬಂದ. ಆಳು ಸಣಕಲು, ಅವನನ್ನು ಎಲ್ಲರೂ ಕರೆಯುವುದು ಕಡ್ಡಿ ಎಂದು. ತಮ್ಮ ಅರ್ಧಕ್ಕೆ ಬಿಟ್ಟುಹೋದ ಹಾಡೊಂದನ್ನು ಈಗ ಮುಗಿಸಿ ಧ್ವನಿಮುದ್ರಿಸುತ್ತಾರಂತೆ, ಶನಿವಾರ. ಬಾರಿಸುವವನು ಬೇರೆ ಯಾರೋ ಇದ್ದಾನೆ, ಡ್ರಮ್ ಮಾತ್ರ ತಮ್ಮನದೇ ಇರಲಿ ಎಂದು ಕೇಳಿದ.

ಆ ಸೆಟ್ ಅಪ್ಪ ಮಗನಿಗಾಗಿ ಮಾಡಿದ್ದು, ಒಂದೇ ಮರದ ಮೇಪಲ್ ಹಾಳೆಗಳಿಂದ. ಅಂಚನ್ನು ಯಂತ್ರ ಮುಟ್ಟಿಸದೆ ಕೈಯಲ್ಲೇ ದುಂಡಗೆ ಉಜ್ಜಿದ್ದ. ಅವನು ಮಾಡಿದ್ದರಲ್ಲೆಲ್ಲ ಅದಕ್ಕಿಂತ ಒಳ್ಳೆಯದು ಇಲ್ಲ, ಇದನ್ನು ನಟ್ಟಕ್ಕನೂ ಒಪ್ಪುತ್ತಿದ್ದಳು. ಅದರಲ್ಲಿ ಮೂರು ಕಾಲಿನ ಮೇಲೆ ನಿಲ್ಲುವ, ಟಾಮ್ ಎನ್ನುವ ದಪ್ಪ ದನಿಯ ದೊಡ್ಡ ಡ್ರಮ್ ಒಂದಿತ್ತು. ಸಂಜೆ ತಮ್ಮ ಮನೆಯ ಒಳಕೋಣೆಯಲ್ಲಿ ಅದಕ್ಕೆ ಹೊಡೆದರೆ ಗೋಡೆಯಾಚೆ ಅಡುಗೆಮನೆಯ ಡಬ್ಬಿಗಳ ಮುಚ್ಚಳ ನಡುಗುತ್ತಿದ್ದವು. ಅಮ್ಮ ಆಗ ಬೈಯುತ್ತಿದ್ದಳು. ಈಗ ಸುದ್ದಿ ಕೇಳಿ, ನಾನೂ ಶನಿವಾರ ಬರುತ್ತೇನೆ, ಹಾಡು ಗೀಡು ನನಗೆ ಬೇಡ, ಆ ದೊಡ್ಡದರ ಸದ್ದು ಒಂದು ಸಲ ಕೇಳಿದರೆ ಸಾಕು ಎಂದಳು.

ಅಂಗಡಿಯ ಅಟ್ಟದಿಂದ ಸೆಟ್ ಇಳಿಸಿದರು. ಅಪ್ಪ ಒಂದೊಂದಕ್ಕೂ ಹೊಡೆದ. ನಟ್ಟಕ್ಕ ಕಿವಿಗೊಟ್ಟಳು. ಅದೇ ನಾದ, ಒಂದು ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಅಪ್ಪ ಮಾತ್ರ ಮುಖ ಸಣ್ಣದು ಮಾಡಿಕೊಂಡು, ಸತ್ತೇಹೋಗಿದೆ ಇದು ಎಂದ. ಅವನ ಲೆಕ್ಕದಲ್ಲಿ ತಪ್ಪೇನಿರಲಿಲ್ಲ. ತಾನು ಹೊಸದಾಗಿ ಮಾಡಿದ ಹನ್ನೊಂದನ್ನೂ ಜನ ಮೆಚ್ಚಿದ್ದಾರೆ, ಅಂದ ಮೇಲೆ ಕಿವಿ ಸರಿಯಿದೆ. ಕಿವಿ ಸರಿಯಿದ್ದ ಮೇಲೆ ಕೆಟ್ಟಿರುವುದು ಡ್ರಮ್ಮು.

ಆಗಲಾದರೂ ಹೇಳಬೇಕಿತ್ತು. ಅವಳ ಬಾಯಿಗೆ ಬಂದದ್ದು ಇನ್ನೊಂದು ಸುಳ್ಳು. ಮರಕ್ಕೇನೂ ಆಗಿಲ್ಲ ಅಪ್ಪ, ಕಬ್ಬಿಣ ತುಕ್ಕು ಹಿಡಿದು ನಾದ ನುಂಗುತ್ತಿದೆ, ಬಿಚ್ಚಿ ನಿಕ್ಕಲ್ ಹಾಕಿಸಿಕೊಂಡು ಬರುತ್ತೇನೆ, ಸರಿಹೋಗುತ್ತದೆ ಎಂದಳು. ಅಪ್ಪನಿಗೂ ಅದು ಹಿಡಿಸಿತು, ತಪ್ಪು ಕಬ್ಬಿಣದ್ದಲ್ಲವೇ. ಎರಡು ಟಾಮು, ಬಾಸ್ ಡ್ರಮ್ಮು, ಮೂರರ ಕಬ್ಬಿಣವನ್ನೂ ಅವಳೇ ಬಿಚ್ಚಿ ಚೀಲಕ್ಕೆ ತುಂಬಿದಳು. ಸ್ನೇರ್‌ಗೆ ಮಾತ್ರ ತುಕ್ಕು ಇರಲಿಲ್ಲ, ಅದನ್ನು ಹಾಗೇ ಬಿಟ್ಟಳು. ಮರುದಿನ ಬೆಳಿಗ್ಗೆ ಲೇಪ ಹಾಕುವವನ ಹತ್ತಿರ ಹೋದಳು. ಅವನು ಇವತ್ತೇ ಕೊಡುತ್ತೇನೆ ಎಂದು ಕೂರಿಸಿಕೊಂಡ. ಅವಳು ವಾಪಸ್ ಅಂಗಡಿಗೆ ಬಂದಾಗ ನಾಲ್ಕಾಗುತ್ತಿತ್ತು.

ಬಾಗಿಲು ತೆಗೆದರೆ ನೆಲವೆಲ್ಲ ಮರದ ಪುಡಿ. ಬಿಳಿ ಬಿಳಿ, ಮೇಪಲ್ ಪುಡಿ.

ಅಪ್ಪ ಖುಷಿಯಲ್ಲಿದ್ದ. ಮೂರು ವರ್ಷದಲ್ಲಿ ಅವನ ಮುಖ ಹಾಗೆ ಬೆಳಗಿದ್ದನ್ನು ಅವಳು ನೋಡಿರಲಿಲ್ಲ. ಕಬ್ಬಿಣ ಬಿಚ್ಚಿದ ಬರೀ ಮರಕ್ಕೆ ಕುಟ್ಟಿ ನೋಡಿದನಂತೆ. ಆಗಲೂ ಮಂಕೇ.

"ಕಬ್ಬಿಣಾನೇ ಇಲ್ಲ, ಆದ್ರೂ ಮಂಕು. ಅಂದ್ರೆ ತಪ್ಪು ಮರದ್ದು. ಇಪ್ಪತ್ತು ವರ್ಷದಲ್ಲಿ ಮೊದಲ್ನೇ ಸಲ ಒಪ್ಕೊಂಡಿದೀನಿ ಕಣೇ, ಎಲ್ಲಾದ್ರೂ ಬರ್ದಿಟ್ಕೋ," ಎಂದು ನಕ್ಕ.

ಅಂಚು ಚೂಪು ಮಾಡಿದ್ದ. ಸಾಲದು ಅನಿಸಿ ಎರಡೂ ಕಡೆಯಿಂದ ಒಂದೊಂದು ಬೆರಳಗಲ ಕತ್ತರಿಸಿ ಮತ್ತೆ ಚೂಪು ಮಾಡಿದ್ದ. ಮೂರಕ್ಕೂ. ಕಪಾಟಿನಲ್ಲಿದ್ದ ಬೇರೆ ಲಗ್ಗು ಹಾಕಿ, ಅವಳು ಬಿಚ್ಚಿಕೊಂಡು ಹೋಗಿದ್ದ ತೆಳು ಬಳೆಯ ಬದಲು ದಪ್ಪ ಉಕ್ಕಿನ ಬಳೆ ಬಿಗಿದಿದ್ದ. ಕೇಳು ಎಂದು ಆ ದೊಡ್ಡ ಟಾಮಿಗೆ ಹೊಡೆದ. ಅಡುಗೆಮನೆಯ ಮುಚ್ಚಳ ನಡುಗಿಸುತ್ತಿದ್ದ ಡ್ರಮ್ಮು ಟಣ್ ಎಂದಿತು. ನಟ್ಟಕ್ಕನ ಕೈಯಿಂದ ಚೀಲ ಜಾರಿ ನಿಕ್ಕಲ್ ಹಾಕಿಸಿದ ತಿರುಪುಗಳೆಲ್ಲ ನೆಲದ ಮೇಲೆ ಚೆಲ್ಲಾಪಿಲ್ಲಿಯಾದವು. ಆ ಸದ್ದೂ ಅಪ್ಪನಿಗೆ ಕೇಳಲಿಲ್ಲ, ಅವನು ಸ್ನೇರ್ ಎತ್ತಿಕೊಳ್ಳುತ್ತಿದ್ದ. ಇದೊಂದು ಬಾಕಿ, ತಂತಿ ತಾಗುತ್ತಲೇ ಇಲ್ಲ, ಕೆಳಗಿನ ಅಂಚು ಕಡೆಯಬೇಕು ಎಂದು ಯಂತ್ರದ ಕಡೆ ಹೊರಟ.

ಅವಳು ಅಡ್ಡ ನಿಂತಳು. ಸ್ನೇರನ್ನು ಅವನ ಕೈಯಿಂದ ಕಿತ್ತುಕೊಂಡು ಮೇಜಿನ ಮೇಲಿಟ್ಟಳು.

"ಆ ಕಡೆ ತಿರುಗಪ್ಪ. ನಾನು ಹೊಡೀತೀನಿ. ಲಿವರ್ ಮೇಲಿದೆಯಾ ಕೆಳಗಿದೆಯಾ ಹೇಳು."

ಇದೇನು ಆಟ ಎಂದುಕೊಂಡೇ ಅಪ್ಪ ಗೋಡೆಗೆ ಮುಖ ಮಾಡಿದ. ಅವಳು ಲಿವರ್ ಮೇಲೆತ್ತಿ ಹೊಡೆದಳು. ಕೆಳಗೆ ಎಂದ. ಇಳಿಸಿ ಹೊಡೆದಳು. ಕೆಳಗೆ ಎಂದ. ಮತ್ತೆ ಎತ್ತಿ ಹೊಡೆದಳು, ಇನ್ನೂ ಜೋರಾಗಿ. ಈ ಸಲ ಅಪ್ಪ ಸ್ವಲ್ಪ ತಡೆದು ಕೆಳಗೆ ಎಂದ. ನಾಲ್ಕನೆಯದಕ್ಕೂ ಅದೇ ಮಾತು. ಐದನೆಯ ಏಟು ಬಿದ್ದಾಗ ತಿರುಗಿ ನೋಡಿದ. ಲಿವರ್ ಮೇಲಿತ್ತು. ಬಗ್ಗಿ ಡ್ರಮ್ಮಿನ ಅಡಿ ಬೆರಳಿಟ್ಟು ತಂತಿ ಮುಟ್ಟಿದ. ಹೊಡಿ ಎಂದ. ಹೊಡೆದಳು. ಬೆರಳ ಕೆಳಗೆ ತಂತಿ ನಡುಗುವುದು ಅವನಿಗೆ ತಿಳಿಯಿತು, ಅದು ಅವನ ಮುಖದಲ್ಲೇ ಕಂಡಿತು.

"ಯಾವಾಗಿಂದ?"

"ಒಂದೂವರೆ ವರ್ಷ."

"ಮತ್ತೆ ಹೊರಗೆ ಹೋದ ಸೆಟ್ಟುಗಳು?"

"ನೀನು ಊಟಕ್ಕೆ ಹೋದಾಗ ನಾನು ತಿದ್ದಿಡ್ತಿದ್ದೆ."

"ಎಲ್ಲಾನೂ?"

"ಎಲ್ಲಾನೂ."

ಬೈದಿದ್ದರೆ ಚೆನ್ನಾಗಿತ್ತು, ಕೆನ್ನೆಗೆ ಬಾರಿಸಿದ್ದರೂ ಅವಳು ಸುಮ್ಮನಿರುತ್ತಿದ್ದಳು. ಅಪ್ಪ ನಿಧಾನವಾಗಿ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿಕೊಂಡ. ಆಮೇಲೆ ಅವನ ಕಣ್ಣು ಸಾಲಾಗಿ ನಿಂತ ಆ ಮೂರು ಡ್ರಮ್ಮುಗಳ ಕಡೆ ಹೋಯಿತು. ಅಲ್ಲೇ ನಿಂತಿತು.

"ಇವು?" ಎಂದ.

"ಇವಕ್ಕೇನೂ ಆಗಿರಲಿಲ್ಲ ಅಪ್ಪ. ಮೊದಲು ಹೆಂಗಿದ್ವೋ ಹಂಗೇ ಇದ್ವು."

ಅಪ್ಪ ಬಗ್ಗಿ ನೆಲದ ಮೇಲಿನ ಪುಡಿ ಒಂದು ಹಿಡಿ ತೆಗೆದುಕೊಂಡ. ಎಲ್ಲಿಡಬೇಕೆಂದು ತೋಚದೆ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಬಾಗಿಲಿಗೆ ಬೆನ್ನು ಹಾಕಿ ಆ ದೊಡ್ಡ ಟಾಮಿನ ಮುಂದೆ ಸ್ಟೂಲಿನ ಮೇಲೆ ಕೂತು ಮೆಲ್ಲಗೆ ಹೊಡೆದ. ಇನ್ನೊಮ್ಮೆ ಹೊಡೆದ. ಮತ್ತೆ ಹೊಡೆದ.

"ನಂಗೆ ಅವನು ಹೊಡೀತಿದ್ದ ಥರಾನೇ ಕೇಳ್ಸುತ್ತೆ," ಎಂದ.

ಬಾಗಿಲ ಗಂಟೆ ಆಡಿತು. ಅಮ್ಮ, ದಿನಾ ನಾಲ್ಕಕ್ಕೆ ತರುವ ಚಹಾದ ಫ್ಲಾಸ್ಕ್ ಹಿಡಿದು ಹೊಸಿಲಲ್ಲಿ ನಿಂತಿದ್ದಳು. ರಸ್ತೆಯಿಂದಲೇ ಸದ್ದು ಕೇಳಿಸಿಕೊಂಡು ಬಂದಿದ್ದಳು. ಒಳಗೆ ಕಣ್ಣಾಡಿಸಿ, ತನ್ನದೇ ಸಣ್ಣ ದನಿಯಲ್ಲಿ ಸಹಜವಾಗಿ ಕೇಳಿದಳು.

"ಇದ್ಯಾರದು ಡ್ರಮ್ಮು? ಹೊಸದಾ?"

ಅಪ್ಪ ಹೊಡೆಯುತ್ತಲೇ ಇದ್ದ. ಮಗಳ ಮುಖ ನೋಡಿ ಅವನಿಗೆ ಏನೋ ಅನಿಸಿ ತಿರುಗಿದ. ಹೆಂಡತಿಯನ್ನು ನೋಡಿದ, ಅವಳ ತುಟಿ ಆಡಿದ್ದನ್ನೂ ನೋಡಿದ. ಮತ್ತೆ ಮಗಳ ಕಡೆ ತಿರುಗಿ, ಮೊದಲ ಬಾರಿಗೆ, ನಾಚಿಕೆ ಬಿಟ್ಟು ಕೇಳಿದ.

"ಏನಂತಾಳೆ?"

ಒಂದೂವರೆ ವರ್ಷ ತುಟಿ ಹೊಲಿದುಕೊಂಡಿದ್ದ ನಟ್ಟಕ್ಕ, ಅವನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ಈ ಡ್ರಮ್ ಯಾರದು ಅಂತ ಕೇಳ್ತಿದಾಳೆ, ಅಪ್ಪ."